ಋತುಬಂಧದ ಧಗೆಗೆ ಸೂಜಿ ಚಿಕಿತ್ಸೆ

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೆಣ್ಣುಮಕ್ಕಳನ್ನು ಹೆಚ್ಚಾಗಿ ಕಾಡುವುದು ಮೈಮೇಲೆ ಏಕಾಏಕಿ ಏರಿಬರುವ ಧಗೆ. ಎದೆಯಿಂದ ಹೊರಟ ಕಾವು ಕುತ್ತಿಗೆ, ಮುಖ, ತಲೆಗೆ ಹತ್ತುತ್ತದೆ. ಮುಖ ಕೆಂಪಾಗಿ, ಎದೆ ಡವಗುಟ್ಟಿ, ಬೆವರು ಕಿತ್ತುಬರುತ್ತದೆ. ಬೆವರು ಆರುತ್ತಿದ್ದಂತೆ ಕೆಲವರಿಗೆ ಚಳಿಯೂ ಹಿಡಿಯುತ್ತದೆ. ವೈದ್ಯರು ಹಾಟ್ ಫ್ಲ್ಯಾಶ್ ಎಂದು ಕರೆಯುವ ಈ ಧಗೆ ಒಂದು ಸಲಕ್ಕೆ ಇರುವುದು ಒಂದರಿಂದ ಐದು ನಿಮಿಷ. ಆದರೆ ದಿನಕ್ಕೆ ಏಳೆಂಟು ಸಲ ಬಂದರೆ ಕೆಲಸ ಕೆಡುತ್ತದೆ, ರಾತ್ರಿ ಬಂದರೆ ನಿದ್ದೆ ಹೋಗುತ್ತದೆ. ಋತುಬಂಧ ದಾಟುವ ಮಹಿಳೆಯರಲ್ಲಿ ಶೇ 80ರಷ್ಟು ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ಇದರ ಅನುಭವ ಆಗುತ್ತದೆ. ಅಮೆರಿಕದಲ್ಲಿ ಸಾವಿರಾರು ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿದ ‘ಸ್ವಾನ್’ ಅಧ್ಯಯನ 2015ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಧಗೆ ಪದೇ ಪದೇ ಬರುವವರಲ್ಲಿ ಅದು ಉಳಿಯುವ ಮಧ್ಯಮ ಅವಧಿ 7.4 ವರ್ಷ.

ಹನ್ನೆರಡು ತಿಂಗಳು ಸತತವಾಗಿ ಮುಟ್ಟು ಬಾರದಿದ್ದರೆ ಋತುಬಂಧವಾಯಿತೆಂದು ಲೆಕ್ಕ. ಪಾಶ್ಚಾತ್ಯ ದೇಶಗಳಲ್ಲಿ ಇದು ಸರಾಸರಿ 51ನೇ ವಯಸ್ಸಿಗೆ ಆಗುತ್ತದೆ. ಭಾರತದಲ್ಲಿ ಇನ್ನೂ ಬೇಗ, 46–47ರ ಆಸುಪಾಸಿನಲ್ಲಿ. 40ರಿಂದ 45ರ ನಡುವೆ ಆದದ್ದನ್ನು ಬೇಗನೆ ಬಂದ ಋತುಬಂಧ ಎಂದೂ 40ಕ್ಕಿಂತ ಮೊದಲು ಆದದ್ದನ್ನು ಅಕಾಲಿಕ ಎಂದೂ ವೈದ್ಯಶಾಸ್ತ್ರ ಬೇರೆ ಮಾಡುತ್ತದೆ. ಈ ವ್ಯತ್ಯಾಸ ಚಿಕಿತ್ಸೆಯ ಆಯ್ಕೆಯನ್ನೇ ಬದಲಿಸುತ್ತದೆ.

ಧಗೆ ಏಕೆ ಏರುತ್ತದೆ

ಮೈಯ ಉಷ್ಣತೆಯನ್ನು ಕಾಯುವುದು ಮಿದುಳಿನ ಹೈಪೊಥಲಾಮಸ್ ಎಂಬ ಭಾಗ. ರಕ್ತದ ಬಿಸಿ ಒಂದು ಮಿತಿ ದಾಟಿದಾಗ ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಬರಿಸುತ್ತದೆ, ಇನ್ನೊಂದು ಮಿತಿಗಿಂತ ಕೆಳಗಿಳಿದಾಗ ನಡುಕ ಹುಟ್ಟಿಸುತ್ತದೆ. ಈ ಎರಡು ಮಿತಿಗಳ ನಡುವಿನ ಅಂತರದಲ್ಲಿ ಮೈ ಆರಾಮವಾಗಿರುತ್ತದೆ. ಅಂಡಾಶಯಗಳಲ್ಲಿ ಈಸ್ಟ್ರೊಜೆನ್ ಹಾರ್ಮೋನಿನ ಉತ್ಪಾದನೆ ಇಳಿದಾಗ ಆ ಅಂತರ ಕಿರಿದಾಗುತ್ತದೆ. ಆಗ ಒಂದು ಲೋಟ ಬಿಸಿ ಚಹಾ, ಒಲೆಯ ಮುಂದಿನ ಐದು ನಿಮಿಷ, ಸಣ್ಣದೊಂದು ಗಾಬರಿ ಕೂಡ ಮೇಲಿನ ಮಿತಿಯನ್ನು ದಾಟಿಸಲು ಸಾಕು. ಹೈಪೊಥಲಾಮಸ್‌ನಲ್ಲಿ ನ್ಯೂರೊಕಿನಿನ್ ಬಿ ಎಂಬ ರಾಸಾಯನಿಕ ಹೊರಡಿಸುವ ನರಕೋಶಗಳ ಗುಂಪೊಂದಿದೆ. ಈಸ್ಟ್ರೊಜೆನ್ ಇದ್ದಾಗ ಅವು ಹತೋಟಿಯಲ್ಲಿರುತ್ತವೆ, ಇಲ್ಲದಾಗ ಮಿತಿಮೀರಿ ಚುರುಕಾಗಿ ಉಷ್ಣತೆಯ ಕೇಂದ್ರವನ್ನು ಕೆಣಕುತ್ತವೆ. ಮೈಯ ಒಳಗೆ ನಿಜವಾಗಿ ಜ್ವರವಿರುವುದಿಲ್ಲ. ಬಿಸಿ ಹೊರಹಾಕುವ ವ್ಯವಸ್ಥೆ ಅನಗತ್ಯವಾಗಿ ಚಾಲೂ ಆಗಿರುತ್ತದೆ.

ಸುತ್ತಲಿನ ಸೆಕೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ತಂಪು ಕೋಣೆಗಿಂತ ಬಿಸಿ ಕೋಣೆಯಲ್ಲಿ ಧಗೆ ಹೆಚ್ಚು ಸಲ ಬರುತ್ತದೆಂದು ಪ್ರಯೋಗಗಳು ತೋರಿಸಿವೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಸುಣ್ಣಕಲ್ಲಿನ ನೆಲ, ಫರ್ಸಿ ಗಣಿಗಳು, ಸಿಮೆಂಟ್ ಕಾರ್ಖಾನೆಗಳು, ನೆರಳಿಲ್ಲದ ತೊಗರಿ ಹೊಲಗಳು ಇಲ್ಲಿನ ದುಡಿಮೆಯ ಜಾಗಗಳು. ಉದ್ಯೋಗ ಖಾತ್ರಿಯ ಮಣ್ಣುಕೆಲಸ ಜೋರಾಗಿ ನಡೆಯುವುದೂ ಏಪ್ರಿಲ್, ಮೇ ತಿಂಗಳಲ್ಲೇ. ಫರ್ಸಿ ಹೊದಿಸಿದ ಮಾಳಿಗೆ ಹಗಲಿಡೀ ಹೀರಿದ ಬಿಸಿಲನ್ನು ರಾತ್ರಿ ಒಳಗೆ ಬಿಡುತ್ತದೆ. ಹೀಗಾಗಿ ಋತುಬಂಧದ ಧಗೆ ಯಾವುದು, ಊರಿನ ಬಿಸಿಲಿನ ಧಗೆ ಯಾವುದು ಎಂದು ಬಿಡಿಸಿ ನೋಡದೆ ಎಷ್ಟೋ ಮಂದಿ ವರ್ಷಗಟ್ಟಲೆ ಸಹಿಸಿಕೊಳ್ಳುತ್ತಾರೆ. ಬಿಸಿಲಿನ ಸೆಕೆ ನೆರಳಿಗೆ ಬಂದು ನೀರು ಕುಡಿದರೆ ಮೆಲ್ಲಗೆ ಇಳಿಯುತ್ತದೆ. ಋತುಬಂಧದ ಧಗೆ ಡಿಸೆಂಬರಿನ ಬೆಳಗಿನ ಚಳಿಯಲ್ಲೂ ಬರುತ್ತದೆ, ಕೆಲವೇ ನಿಮಿಷದಲ್ಲಿ ತಾನಾಗಿ ಹೋಗುತ್ತದೆ, ಮತ್ತೆ ಬರುತ್ತದೆ.

ಬೆವರಿಗೆ ಬೇರೆ ಕಾರಣಗಳೂ ಇರಬಹುದು. ಥೈರಾಯ್ಡ್ ಹೆಚ್ಚಾದಾಗ, ಮಧುಮೇಹದ ಔಷಧದಿಂದ ಸಕ್ಕರೆ ಅಂಶ ತೀರಾ ಇಳಿದಾಗ, ಕ್ಷಯ ಹಿಡಿದಾಗ ಕೂಡ ಮೈ ಬೆವರಿನಲ್ಲಿ ತೊಯ್ಯುತ್ತದೆ. ಕಲ್ಲಿನ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಸೇರಿದವರಿಗೆ ಕ್ಷಯದ ಅಪಾಯ ಹೆಚ್ಚು. ಆದ್ದರಿಂದ ಗಣಿ, ಪಾಲಿಶ್ ಘಟಕಗಳಲ್ಲಿ ದುಡಿಯುವ ಮಹಿಳೆಗೆ ರಾತ್ರಿ ಬೆವರಿನ ಜೊತೆಗೆ ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಮೊದಲು ಆಗಬೇಕಾದದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ನಡೆಯುವ ಕಫ ಪರೀಕ್ಷೆ.

ಗರ್ಭಚೀಲ ತೆಗೆಸಿಕೊಂಡವರ ಸ್ಥಿತಿ

ಈ ಜಿಲ್ಲೆಯಲ್ಲಿ ಋತುಬಂಧದ ಮಾತು ಬಂದಾಗ ಬಿಟ್ಟು ಮುಂದೆ ಹೋಗಲಾಗದ ಸಂಗತಿಯೊಂದಿದೆ. ಬಿಳಿಸೆರಗು, ಹೊಟ್ಟೆನೋವು, ಹೆಚ್ಚು ಮುಟ್ಟಿನಂಥ ದೂರುಗಳೊಂದಿಗೆ ಬಂದ ಲಂಬಾಣಿ ತಾಂಡಾಗಳ ಮತ್ತು ದಲಿತ ಕೇರಿಗಳ ಮಹಿಳೆಯರಿಗೆ ಕಲಬುರಗಿಯ ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆಯಲಾಗಿದೆ ಎಂಬ ಆರೋಪ 2015ರಲ್ಲಿ ಬೆಳಕಿಗೆ ಬಂತು. ತನಿಖೆ ನಡೆದು ಆಸ್ಪತ್ರೆಗಳ ಪರವಾನಗಿ ರದ್ದತಿಯ ಆದೇಶವೂ ಹೊರಟಿತು. ಇಂಥ ಮಹಿಳೆಯರ ಸಂಖ್ಯೆ 2,000 ಮೀರುತ್ತದೆ ಎಂದು ಈ ವಿಷಯ ಎತ್ತಿಕೊಂಡ ಸಂಘಟನೆಗಳು ಹೇಳಿದವು. ಅವರಲ್ಲಿ ಅನೇಕರು ನಲವತ್ತರ ಒಳಗಿನವರು. 2017ರ ಫೆಬ್ರುವರಿಯಲ್ಲಿ ನ್ಯಾಯ ಕೇಳಿ ಮಹಿಳೆಯರು ಕಲಬುರಗಿಯಲ್ಲಿ ಬೀದಿಗಿಳಿದರು. ಬಿಹಾರ, ಛತ್ತೀಸಗಢ, ರಾಜಸ್ಥಾನಗಳ ಇಂಥದೇ ಪ್ರಕರಣಗಳ ಕುರಿತು ಸಲ್ಲಿಕೆಯಾಗಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ ಎಲ್ಲ ರಾಜ್ಯಗಳಿಗೆ ಸೂಚಿಸಿತು. ಸೇಡಂ, ಚಿಂಚೋಳಿ ತಾಲ್ಲೂಕುಗಳಿಗೆ ಹೊಂದಿಕೊಂಡಿರುವ ತೆಲಂಗಾಣವೂ ಅದರಾಚೆಯ ಆಂಧ್ರಪ್ರದೇಶವೂ ಗರ್ಭಕೋಶ ತೆಗೆಸಿಕೊಂಡ ಮಹಿಳೆಯರ ಪ್ರಮಾಣದಲ್ಲಿ ದೇಶದಲ್ಲೇ ಮುಂದಿವೆ ಎಂಬುದನ್ನು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳು ದಾಖಲಿಸಿವೆ.

ಗರ್ಭಕೋಶದ ಜೊತೆ ಎರಡೂ ಅಂಡಾಶಯಗಳನ್ನು ತೆಗೆದರೆ ಈಸ್ಟ್ರೊಜೆನ್ ಒಂದೆರಡು ದಿನದಲ್ಲೇ ಕುಸಿಯುತ್ತದೆ. ಸಹಜ ಋತುಬಂಧದಲ್ಲಿ ವರ್ಷಗಳ ಕಾಲ ನಿಧಾನವಾಗಿ ಆಗುವ ಇಳಿಕೆ ಇಲ್ಲಿ ಒಮ್ಮೆಲೇ ಆಗುವುದರಿಂದ ಧಗೆ ಹೆಚ್ಚು ತೀವ್ರ. ಅಂಡಾಶಯಗಳನ್ನು ಉಳಿಸಿದ್ದರೂ ಅವು ವಾಡಿಕೆಗಿಂತ ಬೇಗ ಕೆಲಸ ನಿಲ್ಲಿಸುವ ಸಂಭವ ಜಾಸ್ತಿ. ಮುಟ್ಟು ಆಗಲೇ ನಿಂತಿರುವುದರಿಂದ ಋತುಬಂಧ ಯಾವಾಗ ಬಂತೆಂದು ಮಹಿಳೆಗೆ ಗೊತ್ತಾಗುವ ದಾರಿಯೂ ಇರುವುದಿಲ್ಲ. ಧಗೆಯೇ ಮೊದಲ ಸುಳಿವು. ಇಂಥವರಿಗೆ ಧಗೆಗಿಂತ ದೊಡ್ಡ ತೊಂದರೆಗಳು ಮುಂದೆ ಕಾದಿರುತ್ತವೆ: ಮೂಳೆ ಸವೆತ, ಹೃದಯದ ಕಾಯಿಲೆ. ಸೂಜಿ ಚಿಕಿತ್ಸೆಯಿಂದ ಏನನ್ನು ನಿರೀಕ್ಷಿಸಬಹುದು, ಏನನ್ನು ನಿರೀಕ್ಷಿಸಬಾರದು ಎಂಬುದನ್ನು ಈ ತೊಂದರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಅಳೆಯಬೇಕು.

ಆಕ್ಯುಪಂಕ್ಚರ್ ಬಂದ ದಾರಿ

ಮೈಯ ಗೊತ್ತಾದ ಜಾಗಗಳಲ್ಲಿ ಕೂದಲೆಳೆಯಂಥ ಸೂಜಿ ಚುಚ್ಚಿ ಉಪಶಮನ ಮಾಡುವ ಆಕ್ಯುಪಂಕ್ಚರ್ ಚೀನಾದ ಪದ್ಧತಿ. ಎರಡು ಸಾವಿರ ವರ್ಷಗಳಷ್ಟು ಹಿಂದೆ ರೂಪುಗೊಂಡ ‘ಹುವಾಂಗ್‌ಡಿ ನೈಜಿಂಗ್’ ಗ್ರಂಥದಲ್ಲಿ ಅದರ ವಿವರಣೆಯಿದೆ. ‘ಚಿ’ ಎಂಬ ಪ್ರಾಣಶಕ್ತಿ ದೇಹದಲ್ಲಿ ನಿರ್ದಿಷ್ಟ ಹಾದಿಗಳಲ್ಲಿ ಹರಿಯುತ್ತದೆ, ಅದರ ಹರಿವು ತಪ್ಪಿದಾಗ ರೋಗ ಬರುತ್ತದೆ, ಹಾದಿಯ ಬಿಂದುಗಳಲ್ಲಿ ಸೂಜಿ ಚುಚ್ಚಿ ಅದನ್ನು ಸರಿಪಡಿಸಬಹುದು ಎಂಬುದು ಆ ಪದ್ಧತಿಯ ತಿಳಿವಳಿಕೆ. ಋತುಬಂಧದ ಧಗೆಯನ್ನು ಅದು ಮೂತ್ರಪಿಂಡದ ‘ಯಿನ್’, ಅಂದರೆ ತಂಪಿನ ಅಂಶ, ಕುಗ್ಗಿದ್ದರ ಫಲ ಎಂದು ಬಗೆಯುತ್ತದೆ. ಈ ಹಾದಿಗಳಿಗೆ ಅಂಗರಚನಾಶಾಸ್ತ್ರದಲ್ಲಿ ಆಧಾರ ಸಿಕ್ಕಿಲ್ಲ. ಯುನೆಸ್ಕೊ 2010ರಲ್ಲಿ ಈ ವಿದ್ಯೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಭಾರತಕ್ಕೆ ಅದು ಬಂದ ಕಥೆಯ ಒಂದು ಕೊಂಡಿ ಕಲಬುರಗಿಯ ನೆರೆಯಲ್ಲೇ ಇದೆ. ವಾಡಿಯಿಂದ ಮುಂಬೈಗೆ ಹೋಗುವ ರೈಲು ಹಾದಿಯಲ್ಲಿರುವ, ಕನ್ನಡಿಗರೂ ಬಹಳಷ್ಟಿರುವ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದವರು ಡಾ. ದ್ವಾರಕಾನಾಥ ಕೊಟ್ನೀಸ್. ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ಕಾಂಗ್ರೆಸ್ 1938ರಲ್ಲಿ ಕಳಿಸಿದ ಐವರು ವೈದ್ಯರ ತಂಡದಲ್ಲಿ ಅವರಿದ್ದರು. ಅಲ್ಲಿ ಶಸ್ತ್ರಚಿಕಿತ್ಸಕರಾಗಿ ದುಡಿಯುತ್ತಲೇ 1942ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಕೊಟ್ನೀಸ್ ಸೂಜಿ ವೈದ್ಯರಾಗಿರಲಿಲ್ಲ. ಅದೇ ತಂಡದಲ್ಲಿದ್ದ ಡಾ. ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಆಕ್ಯುಪಂಕ್ಚರ್ ಕಲಿತು ಕಲ್ಕತ್ತೆಯಲ್ಲಿ ಚಿಕಿತ್ಸೆ ಆರಂಭಿಸಿದರು. ಮುಂದೆ ಈ ವಿದ್ಯೆ ಕೊಟ್ನೀಸ್ ಸ್ಮಾರಕ ಸಮಿತಿಗಳ ಮೂಲಕ ಹರಡಿತು.

ಕೇಂದ್ರ ಆರೋಗ್ಯ ಸಚಿವಾಲಯ 2003ರಲ್ಲಿ ಆಕ್ಯುಪಂಕ್ಚರನ್ನು ನೋಂದಾಯಿತ ವೈದ್ಯರು ಬಳಸಬಹುದಾದ ಒಂದು ಚಿಕಿತ್ಸಾ ವಿಧಾನವೆಂದು ಒಪ್ಪಿತು. 2019ರ ಫೆಬ್ರುವರಿಯ ಆದೇಶ ಅದಕ್ಕೆ ಸ್ವತಂತ್ರ ಪದ್ಧತಿಯ ಮಾನ್ಯತೆ ಕೊಟ್ಟಿತು. ಪಶ್ಚಿಮ ಬಂಗಾಳ 1996ರಲ್ಲಿಯೇ ಇದಕ್ಕಾಗಿ ಪ್ರತ್ಯೇಕ ಕಾಯ್ದೆ ಮಾಡಿತ್ತು. ಮಹಾರಾಷ್ಟ್ರವೂ ಆಮೇಲೆ ಮಾಡಿತು. ಕರ್ನಾಟಕದಲ್ಲಿ ಈ ವಿದ್ಯೆ ಕಲಿತವರು ಹೆಚ್ಚಾಗಿ ಸಿಗುವುದು ಪ್ರಕೃತಿ ಚಿಕಿತ್ಸೆಯ ಪದವೀಧರರಲ್ಲಿ. ಉಜಿರೆಯ ಎಸ್‌ಡಿಎಂ ಕಾಲೇಜು, ಮೈಸೂರಿನ ಸರ್ಕಾರಿ ಕಾಲೇಜುಗಳಲ್ಲಿ ಕಲಿಸುವ ಐದೂವರೆ ವರ್ಷದ ಬಿಎನ್‌ವೈಎಸ್ ಪದವಿಯ ಪಠ್ಯದಲ್ಲಿ ಆಕ್ಯುಪಂಕ್ಚರ್ ಒಂದು ಭಾಗ.

ಚಿಕಿತ್ಸೆ ನಡೆಯುವ ಬಗೆ

ಮೊದಲ ಭೇಟಿಯ ಬಹುಪಾಲು ಮಾತುಕತೆಯಲ್ಲಿ ಹೋಗುತ್ತದೆ. ಧಗೆ ಎಷ್ಟು ಸಲ ಬರುತ್ತದೆ, ನಿದ್ದೆ ಹೇಗಿದೆ, ಹಸಿವು, ಮನಸ್ಸಿನ ಸ್ಥಿತಿ, ಬೇರೆ ಕಾಯಿಲೆ, ನುಂಗುತ್ತಿರುವ ಮಾತ್ರೆ ಎಲ್ಲವನ್ನೂ ಕೇಳುತ್ತಾರೆ. ಚೀನೀ ಪದ್ಧತಿಯವರು ನಾಡಿ, ನಾಲಿಗೆ ನೋಡುತ್ತಾರೆ. ಬಳಿಕ ಮಲಗಿಸಿ, ಚರ್ಮ ಒರೆಸಿ, ಸುಮಾರು ಕಾಲು ಮಿಲಿಮೀಟರ್ ದಪ್ಪದ ಉಕ್ಕಿನ ಸೂಜಿಗಳನ್ನು ಚುಚ್ಚುತ್ತಾರೆ. ಇವು ಇಂಜೆಕ್ಷನ್ ಸೂಜಿಗಿಂತ ಬಹಳ ತೆಳು, ಒಳಗೆ ಟೊಳ್ಳಿಲ್ಲ, ಔಷಧವೂ ಇಲ್ಲ. ಸೂಜಿ ತಾಗಿದಲ್ಲಿ ಜೋಮು ಹಿಡಿದಂತೆ, ಭಾರವಾದಂತೆ ಅನ್ನಿಸಬಹುದು. ಇಪ್ಪತ್ತು–ಮೂವತ್ತು ನಿಮಿಷ ಹಾಗೇ ಬಿಟ್ಟು ತೆಗೆಯುತ್ತಾರೆ. ಕೆಲವೆಡೆ ಸೂಜಿಗಳಿಗೆ ಸಣ್ಣ ವಿದ್ಯುತ್ ಮಿಡಿತ ಹಾಯಿಸುವುದೂ ಉಂಟು.

ಧಗೆಗೆ ಹೆಚ್ಚಾಗಿ ಆಯುವ ಬಿಂದುಗಳು ಹೊಕ್ಕುಳ ಕೆಳಗೆ, ಮೊಣಕಾಲಿನ ಒಳಬದಿಯಲ್ಲಿ ಮತ್ತು ಕಾಲಿನ ಒಳ ಹರಡಿನ ಎಲುಬಿನಿಂದ ನಾಲ್ಕು ಬೆರಳು ಮೇಲೆ ಇವೆ. ಈ ಕೊನೆಯದಕ್ಕೆ ಚೀನೀ ಭಾಷೆಯಲ್ಲಿ ‘ಸಾನ್‌ಯಿನ್‌ಜಿಯಾವೊ’ ಎಂಬ ಹೆಸರು. ವಾರಕ್ಕೆ ಒಂದು ಇಲ್ಲವೆ ಎರಡು ಸಲದಂತೆ ಎಂಟು–ಹತ್ತು ಸಲ ಮಾಡಿಸಿಕೊಳ್ಳುವುದು ರೂಢಿ.

ಇದು ಕೆಲಸ ಮಾಡುವ ಬಗೆಯ ಬಗ್ಗೆ ಶರೀರಶಾಸ್ತ್ರ ಕೊಡುವ ವಿವರಣೆ ಬೇರೆ. ಸೂಜಿ ಚುಚ್ಚಿದಾಗ ಚರ್ಮ, ಸ್ನಾಯುಗಳ ನರಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ, ನೋವು ತಗ್ಗಿಸುವ ಎಂಡಾರ್ಫಿನ್‌ಗಳು ಬಿಡುಗಡೆಯಾಗುತ್ತವೆ. ಈಸ್ಟ್ರೊಜೆನ್ ಇಳಿದಾಗ ಹೈಪೊಥಲಾಮಸ್‌ನಲ್ಲಿ ಎಂಡಾರ್ಫಿನ್ ಚಟುವಟಿಕೆಯೂ ಇಳಿಯುವುದರಿಂದ, ಸೂಜಿ ಅದನ್ನು ಎತ್ತಿ ಉಷ್ಣತೆಯ ಕೇಂದ್ರವನ್ನು ಸಮಾಧಾನಪಡಿಸಬಹುದು ಎಂಬ ಊಹೆಯನ್ನು ಸ್ವೀಡನ್ನಿನ ಸಂಶೋಧಕರು 1990ರ ದಶಕದಲ್ಲಿ ಮುಂದಿಟ್ಟರು. ಊಹೆಯಾಗಿ ಅದು ಒಪ್ಪುವಂಥದ್ದು; ಪೂರ್ತಿ ಸಾಬೀತಾಗಿಲ್ಲ.

ಪ್ರಯೋಗಗಳ ಲೆಕ್ಕ

ಧಗೆಗೆ ಸೂಜಿ ಚಿಕಿತ್ಸೆ ಮಾಡಿಸಿಕೊಂಡವರನ್ನು ಏನೂ ಮಾಡಿಸಿಕೊಳ್ಳದವರ ಜೊತೆ ಹೋಲಿಸಿದ ಪ್ರಯೋಗಗಳಲ್ಲೆಲ್ಲ ಫಲಿತಾಂಶ ಹೆಚ್ಚುಕಡಿಮೆ ಒಂದೇ: ಸೂಜಿ ಹಾಕಿಸಿಕೊಂಡವರಿಗೆ ಧಗೆ ಹೆಚ್ಚು ಇಳಿಯಿತು. ನಾರ್ವೆಯಲ್ಲಿ 267 ಮಹಿಳೆಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ‘ಆಕ್ಯುಫ್ಲ್ಯಾಶ್’ ಪ್ರಯೋಗದಲ್ಲಿ ಹತ್ತು ಸಲ ಸೂಜಿ ಹಾಕಿಸಿಕೊಂಡವರಿಗೆ ದಿನದ ಧಗೆಗಳು ಸರಾಸರಿ 5.8ರಷ್ಟು ಕಡಿಮೆಯಾದವು. ಮನೆಯಲ್ಲೇ ಆರೈಕೆ ಮಾಡಿಕೊಂಡವರಿಗೆ ಕಡಿಮೆಯಾದದ್ದು 3.7. ಆದರೆ ಆರು ತಿಂಗಳು ಕಳೆದ ಮೇಲೆ ನೋಡಿದಾಗ ಎರಡು ಗುಂಪುಗಳ ನಡುವಿನ ಅಂತರ ಉಳಿದಿರಲಿಲ್ಲ.

ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 209 ಮಹಿಳೆಯರನ್ನು ಸೇರಿಸಿಕೊಂಡು ನಡೆದ ಪ್ರಯೋಗದ ಫಲಿತಾಂಶ 2016ರಲ್ಲಿ ಬಂತು. ಅಲ್ಲಿ ಆರು ತಿಂಗಳಲ್ಲಿ 20 ಸಲದವರೆಗೆ ಚಿಕಿತ್ಸೆಗೆ ಅವಕಾಶವಿತ್ತು. ಸೂಜಿ ಹಾಕಿಸಿಕೊಂಡವರಲ್ಲಿ ಧಗೆ ಶೇ 36.7ರಷ್ಟು ಇಳಿಯಿತು, ಹಾಕಿಸಿಕೊಳ್ಳದೆ ಕಾದವರಲ್ಲಿ ಶೇ 6ರಷ್ಟು ಏರಿತು. ಚಿಕಿತ್ಸೆ ನಿಲ್ಲಿಸಿ ಆರು ತಿಂಗಳಾದ ಮೇಲೂ ಲಾಭದ ಹೆಚ್ಚಿನ ಭಾಗ ಉಳಿದಿತ್ತು. ಆದರೆ ಸರಾಸರಿಯ ಹಿಂದೆ ದೊಡ್ಡ ಏರುಪೇರಿತ್ತು. ನೂರರಲ್ಲಿ ಸುಮಾರು 12 ಮಂದಿಗೆ ಧಗೆ ಶೇ 85ರಷ್ಟು ಇಳಿದರೆ, 47 ಮಂದಿಗೆ ಅರ್ಧದಷ್ಟು ಇಳಿಯಿತು. 37 ಮಂದಿಗೆ ಇಳಿದದ್ದು ಶೇ 10ರ ಒಳಗೆ. ಉಳಿದ ನಾಲ್ಕು ಮಂದಿಗೆ ಹೆಚ್ಚೇ ಆಯಿತು. ಲಾಭವಾಗುವವರಿಗೆ ಅದು ಮೂರು ಸಲದ ಹೊತ್ತಿಗೆ ಕಾಣತೊಡಗಿ ಎಂಟರ ಸುಮಾರಿಗೆ ಗರಿಷ್ಠ ಮಟ್ಟ ಮುಟ್ಟಿತು.

ಡೆನ್ಮಾರ್ಕ್‌ನಲ್ಲಿ 70 ಮಹಿಳೆಯರಿಗೆ ಸಾಮಾನ್ಯ ಕುಟುಂಬ ವೈದ್ಯರೇ ವಾರಕ್ಕೊಮ್ಮೆಯಂತೆ ಐದು ವಾರ, ಎಲ್ಲರಿಗೂ ಒಂದೇ ಬಿಂದುಗಳಲ್ಲಿ ಸೂಜಿ ಹಾಕಿದ ಪ್ರಯೋಗವೂ 2019ರಲ್ಲಿ ಧಗೆ, ಬೆವರು, ನಿದ್ದೆಯ ತೊಂದರೆಗಳಲ್ಲಿ ಇಳಿಕೆ ತೋರಿಸಿತು.

ಇಷ್ಟರಿಂದ ಸೂಜಿಯ ಗುಣ ಸಾಬೀತಾಯಿತೆನ್ನಲು ಬರುವುದಿಲ್ಲ. ಚಿಕಿತ್ಸೆ ಸಿಕ್ಕಿತೆಂಬ ನಂಬಿಕೆ, ಅರ್ಧ ಗಂಟೆಯ ವಿಶ್ರಾಂತಿ, ಒಬ್ಬರು ಕುಳಿತು ಕೇಳಿಸಿಕೊಂಡ ಸಮಾಧಾನ, ಕಾಲ ಕಳೆದಂತೆ ತಾನಾಗಿ ಆಗುವ ಇಳಿಕೆ ಇವೆಲ್ಲ ಆ ಲೆಕ್ಕದೊಳಗೆ ಸೇರಿಕೊಂಡಿರುತ್ತವೆ. ಅವನ್ನು ಬೇರ್ಪಡಿಸಲು ಸಂಶೋಧಕರು ತೋರಿಕೆಯ ಸೂಜಿ ಬಳಸುತ್ತಾರೆ. ಅದರ ತುದಿ ಮೊಂಡು. ಒತ್ತಿದಾಗ ಹಿಡಿಕೆಯೊಳಗೆ ಸರಿಯುತ್ತದೆ, ಚರ್ಮದೊಳಗೆ ಇಳಿಯುವುದಿಲ್ಲ. ನೋಡಿದವರಿಗೂ ಹಾಕಿಸಿಕೊಂಡವರಿಗೂ ನಿಜದ ಸೂಜಿಯಂತೆಯೇ ಕಾಣುತ್ತದೆ. ಆಸ್ಟ್ರೇಲಿಯಾದಲ್ಲಿ ದಿನಕ್ಕೆ ಸರಾಸರಿ ಏಳು ಸಲವಾದರೂ ಧಗೆ ಬರುತ್ತಿದ್ದ, ಚೀನೀ ಪದ್ಧತಿಯಂತೆಯೇ ಮೂತ್ರಪಿಂಡದ ಯಿನ್ ಕುಗ್ಗಿದೆಯೆಂದು ಗುರುತಿಸಿದ 327 ಮಹಿಳೆಯರನ್ನು ಎರಡು ಗುಂಪು ಮಾಡಿ ಎಂಟು ವಾರಗಳಲ್ಲಿ ಹತ್ತು ಸಲ ಚಿಕಿತ್ಸೆ ಕೊಟ್ಟರು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ ನಿಜದ ಸೂಜಿಯ ಗುಂಪಿನಲ್ಲೂ ತೋರಿಕೆಯ ಸೂಜಿಯ ಗುಂಪಿನಲ್ಲೂ ಧಗೆ ಶೇ 40ರಷ್ಟು ಇಳಿಯಿತು. ಎರಡರ ನಡುವೆ ವ್ಯತ್ಯಾಸವಿರಲಿಲ್ಲ. ಇದಕ್ಕೆ ಮೊದಲೇ, 2013ರಲ್ಲಿ, 16 ಪ್ರಯೋಗಗಳ 1,155 ಮಹಿಳೆಯರ ಮಾಹಿತಿಯನ್ನು ಒಟ್ಟು ಮಾಡಿದ ಕಾಕ್ರೇನ್ ಪರಾಮರ್ಶೆಯ ನಿಲುವೂ ಅದೇ: ಏನೂ ಮಾಡದಿರುವುದಕ್ಕಿಂತ ಆಕ್ಯುಪಂಕ್ಚರ್ ಮೇಲು, ಹಾರ್ಮೋನ್ ಚಿಕಿತ್ಸೆಗಿಂತ ಕಡಿಮೆ, ತೋರಿಕೆಯ ಸೂಜಿಗಿಂತ ಮೇಲೆಂದು ಹೇಳಲು ಆಧಾರ ಸಾಲದು.

ಧಗೆಯ ವಿಷಯದಲ್ಲಿ ಇದು ಆಶ್ಚರ್ಯವೇನಲ್ಲ. ಹಾರ್ಮೋನ್ ಮಾತ್ರೆಗಳ ಪ್ರಯೋಗಗಳನ್ನು 2004ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಲ್ಲೂ ಧಗೆ ಶೇ 57.7ರಷ್ಟು ಕಡಿಮೆಯಾಗಿತ್ತು. ನಿರೀಕ್ಷೆಗೆ ಇಷ್ಟು ಓಗೊಡುವ ತೊಂದರೆಗಳು ಕಡಿಮೆ. ಚೀನೀ ಪದ್ಧತಿಯ ಪರವಾಗಿರುವವರು ಇನ್ನೊಂದು ಮಾತು ಹೇಳುತ್ತಾರೆ: ಮೊಂಡು ಸೂಜಿಯ ಒತ್ತಡವೂ ಚರ್ಮದ ನರಗಳನ್ನು ಎಚ್ಚರಿಸುತ್ತದೆ, ಹಾಗಾಗಿ ಅದು ಪೂರ್ತಿ ಹುಸಿಯಲ್ಲ. ಈ ವಾದವನ್ನು ಒಪ್ಪಿದರೂ ನಿಖರವಾಗಿ ಇಂಥ ಬಿಂದುವಿನಲ್ಲಿ ಇಷ್ಟು ಆಳಕ್ಕೆ ಚುಚ್ಚಲೇಬೇಕೆಂಬ ಹಳೆಯ ನಿಯಮಕ್ಕೆ ಬಲ ಬರುವುದಿಲ್ಲ. ಮಹಿಳೆಗೆ ಸಿಗುವ ನೆಮ್ಮದಿ ನಿಜ. ಆದರೆ ಅದರ ಬಹುಪಾಲು ಸೂಜಿಯ ಮೊನೆಯಿಂದ ಬಂದದ್ದಲ್ಲ, ಆರೈಕೆಯಿಂದ ಬಂದದ್ದು. ಇಲ್ಲಿವರೆಗಿನ ಪ್ರಯೋಗಗಳ ಸಾರ ಇಷ್ಟು.

ಸ್ತನ ಕ್ಯಾನ್ಸರ್ ಆದವರಿಗೆ

ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರಿಗೆ ಈ ವಿಷಯ ಹೆಚ್ಚು ಹತ್ತಿರದ್ದು. ಟ್ಯಾಮಾಕ್ಸಿಫೆನ್‌ನಂಥ ಮಾತ್ರೆಗಳು ಈಸ್ಟ್ರೊಜೆನ್ನಿನ ಕೆಲಸವನ್ನು ತಡೆಯುವುದರಿಂದ ಧಗೆ ಬರಿಸುತ್ತವೆ, ಅದೂ ವರ್ಷಗಟ್ಟಲೆ. ಅವರಿಗೆ ಹಾರ್ಮೋನ್ ಕೊಡುವಂತಿಲ್ಲ. ಇಟಲಿಯಲ್ಲಿ ಇಂಥ 190 ಮಹಿಳೆಯರ ಮೇಲೆ ನಡೆದ ಪ್ರಯೋಗದಲ್ಲಿ ಆರೈಕೆಯ ಸಲಹೆಯ ಜೊತೆಗೆ ವಾರಕ್ಕೊಂದರಂತೆ ಹತ್ತು ಸಲ ಸೂಜಿ ಹಾಕಿಸಿಕೊಂಡವರಿಗೆ ಬರೀ ಸಲಹೆ ಪಡೆದವರಿಗಿಂತ ಧಗೆ ಚೆನ್ನಾಗಿ ಇಳಿಯಿತು. ಅಮೆರಿಕದಲ್ಲಿ 120 ಮಂದಿಯನ್ನು ನಾಲ್ಕು ಗುಂಪು ಮಾಡಿದ 2015ರ ಪ್ರಯೋಗದಲ್ಲಿ ವಿದ್ಯುತ್ ಮಿಡಿತದ ಸೂಜಿಗೆ ಎಲ್ಲಕ್ಕಿಂತ ಹೆಚ್ಚು ಇಳಿಕೆ ಸಿಕ್ಕಿತು. ಅದರ ನಂತರದ ಸ್ಥಾನ ತೋರಿಕೆಯ ಸೂಜಿಗೆ. ಗ್ಯಾಬಪೆಂಟಿನ್ ಮಾತ್ರೆ ಮೂರನೆಯದು, ಹುಸಿ ಮಾತ್ರೆ ಕೊನೆಯದು. ಅಡ್ಡಪರಿಣಾಮವೂ ಸೂಜಿಗೆ ಮಾತ್ರೆಗಿಂತ ಕಡಿಮೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲೋ ಅದರ ಕಲಬುರಗಿ ಕೇಂದ್ರದಲ್ಲೋ ಚಿಕಿತ್ಸೆ ಪಡೆಯುತ್ತಿರುವವರು ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳಿದ ಮೇಲೆಯೇ ಸೂಜಿಗೆ ಹೋಗಬೇಕು. ಕಂಕುಳ ಗಂಟುಗಳನ್ನು ತೆಗೆದಿರುವ ಬದಿಯ ತೋಳಿಗೆ ಬಾವು ಬರುವ ಸಂಭವ ಇರುವುದರಿಂದ ಆ ತೋಳಿಗೆ ಸೂಜಿ ಹಾಕಿಸಬಾರದು.

ಬೇರೆ ಚಿಕಿತ್ಸೆಗಳ ಪಕ್ಕದಲ್ಲಿ

ಧಗೆಗೆ ಇರುವ ಅತ್ಯಂತ ಪರಿಣಾಮಕಾರಿ ಚಿಕಿತ್ಸೆ ಈಸ್ಟ್ರೊಜೆನ್. ಅದು ಧಗೆಯ ಸಂಖ್ಯೆಯನ್ನು ಹುಸಿ ಮಾತ್ರೆಗೆ ಹೋಲಿಸಿದರೆ ಸುಮಾರು ಶೇ 75ರಷ್ಟು ತಗ್ಗಿಸುತ್ತದೆ. ಗರ್ಭಕೋಶ ಇರುವವರಿಗೆ ಅದರ ಒಳಪದರ ಬೆಳೆಯದಂತೆ ಪ್ರೊಜೆಸ್ಟರಾನ್ ಜೊತೆಗೂಡಿಸಬೇಕು. ಗರ್ಭಕೋಶ ತೆಗೆಸಿಕೊಂಡವರಿಗೆ ಈಸ್ಟ್ರೊಜೆನ್ ಒಂದೇ ಸಾಕು. 45ಕ್ಕಿಂತ ಮೊದಲೇ ಅಂಡಾಶಯ ಕಳೆದುಕೊಂಡವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಸಹಜ ಋತುಬಂಧದ ವಯಸ್ಸಿನವರೆಗೆ ಹಾರ್ಮೋನ್ ಕೊಡಬೇಕೆಂಬುದು ವೈದ್ಯಕೀಯ ಒಮ್ಮತ. ಅಲ್ಲಿ ಧಗೆ ಇಳಿಯುವುದರ ಜೊತೆಗೆ ಮೂಳೆ, ಹೃದಯಗಳ ರಕ್ಷಣೆಯೂ ಆಗುತ್ತದೆ. ಮೂಳೆ ಸವೆತವನ್ನು ಸೂಜಿ ತಡೆಯುತ್ತದೆಂಬುದಕ್ಕೆ ಆಧಾರವಿಲ್ಲ. ಚಿಕ್ಕ ವಯಸ್ಸಿಗೇ ಗರ್ಭಚೀಲ ತೆಗೆಸಿಕೊಂಡ ಮಹಿಳೆಗೆ ಸೂಜಿ ಚಿಕಿತ್ಸೆಯನ್ನಷ್ಟೇ ತೋರಿಸಿ ಕಳಿಸುವುದು ಈ ಕಾರಣಕ್ಕೆ ತಪ್ಪು.

ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವ ತೊಂದರೆ, ತೀವ್ರ ಯಕೃತ್ತಿನ ಕಾಯಿಲೆ ಇರುವವರಿಗೆ ಹಾರ್ಮೋನ್ ಹೊಂದುವುದಿಲ್ಲ. ಅವರಿಗೆ ವೆನ್ಲಫ್ಯಾಕ್ಸಿನ್‌ನಂಥ ಖಿನ್ನತೆ ನಿವಾರಕಗಳು ಕಡಿಮೆ ಪ್ರಮಾಣದಲ್ಲಿ, ಗ್ಯಾಬಪೆಂಟಿನ್, ಮನಸ್ಸಿನ ತರಬೇತಿಯ ಸಿಬಿಟಿ ವಿಧಾನಗಳಿವೆ. ಖಿನ್ನತೆ ನಿವಾರಕಗಳಲ್ಲೇ ಒಂದಾದ ಪ್ಯಾರಾಕ್ಸೆಟಿನ್ ಟ್ಯಾಮಾಕ್ಸಿಫೆನ್ನಿನ ಕೆಲಸವನ್ನು ಕುಂದಿಸುವುದರಿಂದ ಅವೆರಡನ್ನು ಒಟ್ಟಿಗೆ ಕೊಡುವುದಿಲ್ಲ. ನ್ಯೂರೊಕಿನಿನ್ ಬಿ ಕೆಲಸವನ್ನೇ ತಡೆಯುವ ಫೆಜೊಲಿನೆಟಂಟ್ ಎಂಬ ಹೊಸ ಔಷಧಕ್ಕೆ ಅಮೆರಿಕ 2023ರಲ್ಲಿ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಉತ್ತರ ಅಮೆರಿಕದ ಋತುಬಂಧ ತಜ್ಞರ ಸಂಘಟನೆ ಹಾರ್ಮೋನೇತರ ಚಿಕಿತ್ಸೆಗಳ ಕುರಿತು ಹೊರಡಿಸಿದ ಹೇಳಿಕೆಯಲ್ಲಿ ಸಿಬಿಟಿ, ಕ್ಲಿನಿಕಲ್ ಹಿಪ್ನಾಸಿಸ್ ಮತ್ತು ಕೆಲವು ಔಷಧಗಳನ್ನು ಶಿಫಾರಸು ಮಾಡಿತು. ತೋರಿಕೆಯ ಸೂಜಿಗಿಂತ ಮೇಲಲ್ಲ ಎಂಬ ಕಾರಣಕ್ಕೆ ಆಕ್ಯುಪಂಕ್ಚರನ್ನು ಶಿಫಾರಸಿನ ಪಟ್ಟಿಯಿಂದ ಹೊರಗಿಟ್ಟಿತು.

ಅಪಾಯ, ಎಚ್ಚರಿಕೆ

ಸ್ವಚ್ಛ ಕೈಯಲ್ಲಿ ಆಕ್ಯುಪಂಕ್ಚರ್ ಅಪಾಯ ಕಡಿಮೆಯ ಚಿಕಿತ್ಸೆ. ಜರ್ಮನಿಯಲ್ಲಿ 2,29,230 ರೋಗಿಗಳನ್ನು ಗಮನಿಸಿದ ಅಧ್ಯಯನದಲ್ಲಿ ಶೇ 8.6ರಷ್ಟು ಜನ ಏನಾದರೊಂದು ಅಡ್ಡಪರಿಣಾಮ ಹೇಳಿದರು. ಅವುಗಳಲ್ಲಿ ಹೆಚ್ಚಿನವು ರಕ್ತ ಜಿನುಗುವುದು, ನೀಲಿಗಟ್ಟುವುದು, ನೋವು. ಸೂಜಿ ಎದೆಯ ಪೊರೆ ತೂರಿ ಶ್ವಾಸಕೋಶದ ಸುತ್ತ ಗಾಳಿ ತುಂಬಿದ ಪ್ರಕರಣಗಳು ಎರಡು ಮಾತ್ರ. ಹೆದರಬೇಕಾದದ್ದು ಬಳಸಿದ ಸೂಜಿಗೆ. ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಅದರಿಂದ ಹರಡಬಲ್ಲವು. ಪ್ರತಿ ಸಲವೂ ಮೊಹರಾದ ಪೊಟ್ಟಣ ಕಣ್ಣೆದುರೇ ಒಡೆಯಬೇಕು, ಸೂಜಿ ತೆಗೆದ ಮೇಲೆ ಅದನ್ನು ಎಸೆಯಬೇಕು. ತೊಳೆದು ಇಟ್ಟ ಸೂಜಿ ಕಂಡರೆ ಎದ್ದು ಬರುವುದೇ ಸರಿ.

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಪ್ಲೇಟ್‌ಲೆಟ್ ಕಡಿಮೆಯಿರುವವರು ಮೊದಲೇ ತಿಳಿಸಬೇಕು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ ವಿದ್ಯುತ್ ಮಿಡಿತದ ಸೂಜಿ ಬೇಡ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋಗಿರುವವರ ಕಾಲಿಗೆ ಚುಚ್ಚುವಾಗ ವಿಶೇಷ ಎಚ್ಚರಿಕೆ ಬೇಕು. ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್ ಮಾತ್ರೆಗಳನ್ನು ಬಿಟ್ಟುಬಿಡಿ ಎಂದು ಹೇಳುವ ಚಿಕಿತ್ಸಕರ ಬಳಿ ಹೋಗಬಾರದು. ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳು 2007ರ ಕೆಪಿಎಂಇ ಕಾಯ್ದೆಯಡಿ ನೋಂದಾಯಿಸಿಕೊಳ್ಳಬೇಕು. ಆ ನೋಂದಣಿ ಪತ್ರ ಮತ್ತು ಚಿಕಿತ್ಸಕರ ಪದವಿಯನ್ನು ನೋಡಿಯೇ ಒಳಗೆ ಹೋಗುವುದು ರೋಗಿಯ ಹಕ್ಕು.

ಯಾರು, ಯಾವಾಗ, ಎಷ್ಟು ಸಲ

ಮೊದಲ ಹೆಜ್ಜೆ ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ವೈದ್ಯರ ಭೇಟಿ. ಹೆಚ್ಚಿನ ತಪಾಸಣೆಗೆ ಕಲಬುರಗಿಯಲ್ಲಿ ಸರ್ಕಾರಿ ಜಿಮ್ಸ್ ಆಸ್ಪತ್ರೆ ಇದೆ. ವಿಮೆಯಿರುವ ಕಾರ್ಖಾನೆ ಕಾರ್ಮಿಕರಿಗೂ ಅವರ ಮನೆಯವರಿಗೂ ಇಎಸ್‌ಐಸಿ ಆಸ್ಪತ್ರೆ ಇದೆ. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡರೆ ಅದನ್ನು ಕಡೆಗಣಿಸುವಂತಿಲ್ಲ. ಗರ್ಭಕೋಶದ ಕ್ಯಾನ್ಸರ್ ಇಲ್ಲವೆಂದು ಪರೀಕ್ಷಿಸಿಕೊಳ್ಳಲೇಬೇಕು. ಹಳೆಯ ಶಸ್ತ್ರಚಿಕಿತ್ಸೆಯ ಕಾಗದ ಇದ್ದರೆ ಜೊತೆಗೆ ಒಯ್ಯಬೇಕು. ಅಂಡಾಶಯ ಉಳಿಸಿದ್ದಾರೋ ತೆಗೆದಿದ್ದಾರೋ ಎಂಬುದು ಅದರಿಂದ ತಿಳಿಯುತ್ತದೆ.

ಸಹಜ ವಯಸ್ಸಿಗೆ ಮುಟ್ಟು ನಿಂತು, ಧಗೆ ಸಹಿಸುವ ಮಟ್ಟದಲ್ಲಿದ್ದು, ಮಾತ್ರೆ ಬೇಡವೆನ್ನುವವರಿಗೆ ಸೂಜಿ ಒಂದು ಆಯ್ಕೆ. ಹಾರ್ಮೋನ್ ಕೂಡದವರಿಗೂ ಅದು ಒಂದು ಆಯ್ಕೆ, ಆದರೆ ಪರಿಣಾಮ ಹೆಚ್ಚಿರುವ ಬೇರೆ ಮಾತ್ರೆಗಳಿವೆ ಎಂಬುದನ್ನು ಅರಿತು. ಚಿಕಿತ್ಸೆಯ ಖರ್ಚಿನ ಜೊತೆ ಓಡಾಟದ ಖರ್ಚೂ ಸೇರುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳಿಗೆ ರೈಲಿದೆ. ಚಿಂಚೋಳಿಗೆ ಬಸ್ಸೇ ಗತಿ. ಕಲಬುರಗಿ ನಗರದಲ್ಲಿ ಹತ್ತು ಸಲದ ಚಿಕಿತ್ಸೆ ಎಂದರೆ ದಿನಗೂಲಿಯವರಿಗೆ ಹತ್ತು ದಿನದ ಕೂಲಿ ಹೋದಂತೆ. ಶುರು ಮಾಡುವ ಮೊದಲೇ ಈ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಹತ್ತಿಯ ಸಡಿಲ ಬಟ್ಟೆ, ರಾತ್ರಿ ಗಾಳಿಯಾಡುವ ಜಾಗದಲ್ಲಿ ಮಲಗುವುದು, ಬಿಸಿಲೇರುವ ಮೊದಲೇ ಹೊರಗಿನ ಕೆಲಸ ಮುಗಿಸುವುದು ಧಗೆಯನ್ನು ಗುಣಪಡಿಸದಿದ್ದರೂ ಅದರ ಕಾಟವನ್ನು ಹಗುರ ಮಾಡುತ್ತವೆ, ಖರ್ಚೂ ಇಲ್ಲ.

ಸೂಜಿ ಹಾಕಿಸಿಕೊಳ್ಳಲು ನಿರ್ಧರಿಸಿದವರು ಒಂದು ವಾರ ಮೊದಲಿನಿಂದ ಪ್ರತಿದಿನದ ಧಗೆಗಳನ್ನು ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಎಣಿಸಬೇಕು. ಓದು ಬರಹ ಬಾರದವರಿಗೂ ಇದು ಸುಲಭ. ಚಿಕಿತ್ಸೆ ನಡೆಯುತ್ತಿರುವಾಗಲೂ ಎಣಿಕೆ ಮುಂದುವರಿಯಬೇಕು. ನಾಲ್ಕೈದು ಸಲವಾದ ಮೇಲೂ ಗೀಟುಗಳು ಕಡಿಮೆಯಾಗದಿದ್ದರೆ ಮುಂದೆ ದೊಡ್ಡ ಬದಲಾವಣೆ ಆಗುವ ಸಂಭವ ಕಡಿಮೆ. ಎಂಟರ ಹೊತ್ತಿಗೂ ಹಾಗೇ ಇದ್ದರೆ ನಿಲ್ಲಿಸಿ, ಆ ಎಣಿಕೆಯೊಂದಿಗೆ ವೈದ್ಯರ ಬಳಿಗೆ ಮರಳಿ ಬೇರೆ ಚಿಕಿತ್ಸೆ ಕೇಳಬೇಕು.